ಹೆಪ್ಪು ತಡೆಯುವ ಮದ್ದು, ತಾಯಿಯ ಹಾಲು: ಲೆಕ್ಕ ಮತ್ತು ಅಳತೆ



ದತ್ತಿ ಉಪನ್ಯಾಸವೆಂದರೆ ದೊಡ್ಡ ವಿಷಯವೇ ಆಗಬೇಕು ಎಂಬ ರೂಢಿ ಇದೆ. ನಾನು ಎತ್ತಿಕೊಂಡಿರುವುದು ಬಾಣಂತಿಯರು ವಾರ್ಡಿನಲ್ಲಿ ಕೇಳುವ ಒಂದು ಸಣ್ಣ ಪ್ರಶ್ನೆಯನ್ನು. ‘ಈ ಮಾತ್ರೆ ತಗೊಂಡು ಮಗೂಗೆ ಹಾಲು ಕೊಡಬಹುದಾ ಡಾಕ್ಟ್ರೇ?’ ಮಾತ್ರೆ ಎಂದರೆ ಇಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ. ಈ ಪ್ರಶ್ನೆಗೆ ಉತ್ತರ ಹೇಳುವ ದಾರಿಗಳು ಎರಡೇ. ಒಂದೋ ಮದ್ದಿನ ಅಣುವಿನ ಗುಣಗಳನ್ನು ನೋಡಿ, ಇಷ್ಟು ಹಾಲಿಗೆ ಹೋದೀತು ಎಂದು ಲೆಕ್ಕ ಹಾಕಬೇಕು. ಇಲ್ಲವೇ ಹಾಲನ್ನೇ ತೆಗೆದು ಅಳೆಯಬೇಕು. ಲೆಕ್ಕ ಎಲ್ಲಿ ನಂಬಿಕೆಗೆ ಯೋಗ್ಯ, ಎಲ್ಲಿ ಕೈಕೊಡುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತು.

ಈ ಮಾತ್ರೆ ಬೇಕಾಗುವ ತಾಯಂದಿರು ಯಾರು? ಪಾಶ್ಚಾತ್ಯ ಪಠ್ಯಪುಸ್ತಕ ಓದಿದರೆ, ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರು, ಆ ಹೆಪ್ಪು ಶ್ವಾಸಕೋಶಕ್ಕೆ ಹೋದವರು ಎಂದು ಸಿಗುತ್ತದೆ. ಅವರು ನಮ್ಮಲ್ಲೂ ಇದ್ದಾರೆ. ಹೆರಿಗೆಯಾದ ಮೇಲಿನ ಆರು ವಾರಗಳಲ್ಲಿ ಹೆಪ್ಪು ಕಟ್ಟುವ ಅಪಾಯ ಬೇರೆ ಸಮಯಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಎಂದು 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಹೇಳಿತು. ಹನ್ನೆರಡು ವಾರ ಕಳೆಯುವವರೆಗೂ ಅದು ಪೂರ್ತಿ ಇಳಿಯುವುದಿಲ್ಲ. ಹೆರಿಗೆಯ ರಕ್ತಸ್ರಾವವನ್ನು ನಿಲ್ಲಿಸಲೆಂದು ದೇಹವೇ ತನ್ನ ಹೆಪ್ಪುಗಟ್ಟುವ ಶಕ್ತಿಯನ್ನು ಏರಿಸಿಕೊಂಡಿರುತ್ತದೆ. ಆ ಏರಿಕೆ ಒಂದೇ ದಿನದಲ್ಲಿ ಇಳಿಯುವಂಥದ್ದಲ್ಲ.

ನಮ್ಮ ಕಡೆ ಇನ್ನೆರಡು ಗುಂಪುಗಳಿವೆ. ಬಾಲ್ಯದಲ್ಲಿ ಗಂಟಲುನೋವಿನ ಹಿಂದೆಯೇ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಇಪ್ಪತ್ತರ ಹರೆಯದಲ್ಲೇ ಲೋಹದ ಕವಾಟ ಹಾಕಿಸಿಕೊಂಡ ಹೆಣ್ಣುಮಕ್ಕಳು ಒಂದು ಗುಂಪು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತಯಾರಿಸಿದ ದೇಶೀ ಕವಾಟವನ್ನು ಮೊದಲ ಬಾರಿ ರೋಗಿಗೆ ಅಳವಡಿಸಿದ್ದು 1990ರ ಡಿಸೆಂಬರಿನಲ್ಲಿ. ಅದರಿಂದಾಗಿ ಬಡವರಿಗೂ ಕವಾಟ ಕೈಗೆಟುಕಿತು. ಕವಾಟದ ಜೊತೆಗೇ ಬದುಕಿನುದ್ದಕ್ಕೂ ನುಂಗಬೇಕಾದ ಮಾತ್ರೆಯೂ ಬಂತು: ವಾರ್ಫರಿನ್, ಅಥವಾ ನಮ್ಮ ಔಷಧದಂಗಡಿಗಳಲ್ಲಿ ‘ಅಸಿಟ್ರಾಂ’ ಎಂದೇ ಎಲ್ಲರ ಬಾಯಲ್ಲಿರುವ ಅಸೆನೊಕೌಮರಾಲ್. ಈ ಹೆಣ್ಣುಮಕ್ಕಳು ಮದುವೆಯಾಗುತ್ತಾರೆ, ತಾಯಂದಿರೂ ಆಗುತ್ತಾರೆ.

ಇನ್ನೊಂದು ಗುಂಪಿನ ಕಥೆ ಬೆಂಗಳೂರಿಗೆ ಬಹಳ ಹತ್ತಿರದ್ದು. ಹೆರಿಗೆಯಾಗಿ ವಾರವೋ ಎರಡು ವಾರವೋ ಆದಾಗ ತಡೆಯಲಾರದ ತಲೆನೋವು, ಆಮೇಲೆ ಫಿಟ್ಸ್, ಒಂದು ಕಡೆಯ ಕೈಕಾಲು ಬಿದ್ದುಹೋಗುವುದು. ದೆವ್ವ ಹಿಡಿಯಿತೆಂದು ಮಂತ್ರ ಹಾಕಿಸಿ, ತಡವಾಗಿ ಆಸ್ಪತ್ರೆಗೆ ತರುವವರೂ ಇದ್ದರು. ಇದು ಮಿದುಳಿನ ಅಪಧಮನಿಯ ಪಾರ್ಶ್ವವಾಯು ಅಲ್ಲ. ಮಿದುಳಿನಿಂದ ರಕ್ತವನ್ನು ಹಿಂದಕ್ಕೊಯ್ಯುವ ಸಿರೆಗಳಲ್ಲಿ ಹೆಪ್ಪು ಕಟ್ಟುವುದು. ನಿಮ್ಹಾನ್ಸಿನ ಡಾ. ಡಿ. ನಾಗರಾಜ ಮತ್ತವರ ಸಹೋದ್ಯೋಗಿಗಳು ಈ ಬಾಣಂತಿಯರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಸ್ಕ್ಯಾನಿನಲ್ಲಿ ರಕ್ತಸ್ರಾವದ ಕಲೆ ಕಾಣುತ್ತಿರುವಾಗ ಹೆಪ್ಪು ತಡೆಯುವ ಹೆಪಾರಿನ್ ಕೊಡುವುದೆಂದರೆ ಎಲ್ಲರಿಗೂ ಭಯ. ಕಡಿಮೆ ಪ್ರಮಾಣದ ಹೆಪಾರಿನ್‌ನಿಂದ ಇವರಿಗೆ ಪ್ರಯೋಜನವಿದೆ ಎಂದು 1990ರ ದಶಕದಲ್ಲಿ ಇಲ್ಲಿಂದಲೇ ವರದಿ ಹೋಯಿತು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಕೂಸಿಗೆ ಶೀತವಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ನೀರು ಕೊಡುವ ನಮ್ಮ ಪಥ್ಯ, ರಕ್ತಹೀನತೆ, ಸೋಂಕು ಇವೆಲ್ಲ ಸೇರಿ ರಕ್ತವನ್ನು ಹೆಪ್ಪಿನತ್ತ ತಳ್ಳುತ್ತವೆ ಎಂದು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಬಾಣಂತನದ ಎಣ್ಣೆನೀರು, ಬೆಚ್ಚನೆಯ ಕೋಣೆ, ಬೆಳ್ಳುಳ್ಳಿ, ಮೆಣಸಿನ ಸಾರು ಯಾವುದಕ್ಕೂ ನನ್ನ ತಕರಾರಿಲ್ಲ. ನೀರಿಗೆ ಕಡಿವಾಣ ಹಾಕುವುದಕ್ಕೆ ಮಾತ್ರ ಇದೆ. ಹಾಲು ಕುಡಿಸುವವಳಿಗೆ ಬಾಯಾರಿಕೆ ಹೆಚ್ಚೇ ಹೊರತು ಕಡಿಮೆಯಲ್ಲ.

ಇವರೆಲ್ಲರಿಗೂ ಹೆಪ್ಪು ತಡೆಯುವ ಮದ್ದು ಬೇಕು. ಇವರೆಲ್ಲರ ಮಡಿಲಲ್ಲೂ ಹಾಲು ಕುಡಿಯುವ ಕೂಸು ಇದೆ. ಹಾಗಾಗಿ ಆ ಪ್ರಶ್ನೆ.

ಬಹುಕಾಲ ಈ ಪ್ರಶ್ನೆಗೆ ಸಿಗುತ್ತಿದ್ದ ಉತ್ತರ ‘ಬೇಡ’ ಎಂದು. ಅದಕ್ಕೆ ಕಾರಣವೂ ಇತ್ತು. 1970ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಕೂಸಿನ ವರದಿ ಬಂತು. ತೊಡೆಸಂದಿನ ಹರ್ನಿಯಾಕ್ಕೆ ಶಸ್ತ್ರಕ್ರಿಯೆಯಾದ ಮಗುವಿಗೆ ಗಾಯದಿಂದ ರಕ್ತ ಜಿನುಗತೊಡಗಿತು, ವೃಷಣದ ಚೀಲದಲ್ಲಿ ರಕ್ತ ತುಂಬಿಕೊಂಡಿತು. ಹುಡುಕಿ ನೋಡಿದರೆ, ಎದೆಹಾಲು ಕುಡಿಸುತ್ತಿದ್ದ ತಾಯಿ ಫೆನಿಂಡಿಯೋನ್ ಎಂಬ ಹೆಪ್ಪು ತಡೆಯುವ ಮದ್ದು ತೆಗೆದುಕೊಳ್ಳುತ್ತಿದ್ದಳು. ಆ ಮದ್ದು ಹಾಲಿಗೆ ಹೋಗುತ್ತದೆ ಎಂಬುದು ನಿಜ. ಇವತ್ತು ಅದನ್ನು ಹಾಲೂಡಿಸುವವರಿಗೆ ಯಾರೂ ಬರೆಯುವುದಿಲ್ಲ. ಆದರೆ ಆ ಒಂದು ಕೂಸಿನ ರಕ್ತದ ಕಲೆ ಅದರಲ್ಲಿ ಏನೇನೂ ಪಾಲಿಲ್ಲದ ವಾರ್ಫರಿನ್ ಮೇಲೂ ಬಿತ್ತು. ಒಂದೇ ಕೆಲಸ ಮಾಡುವ ಎರಡು ಮದ್ದುಗಳು ಹಾಲಿನ ವಿಷಯದಲ್ಲೂ ಒಂದೇ ಥರ ನಡೆದುಕೊಳ್ಳುತ್ತವೆ ಎಂದು ಊಹಿಸಿದ್ದು ತಪ್ಪು. ಹೆಪ್ಪನ್ನು ತಡೆಯುವ ಗುಣ ಬೇರೆ, ಹಾಲಿಗೆ ನುಸುಳುವ ಗುಣ ಬೇರೆ. ಎರಡನೆಯದನ್ನು ಅಣುವಿನ ಗಾತ್ರ, ಆಮ್ಲೀಯತೆ, ಕೊಬ್ಬಿನಲ್ಲಿ ಕರಗುವ ಗುಣ, ರಕ್ತದ ಪ್ರೋಟೀನಿಗೆ ಅಂಟಿಕೊಳ್ಳುವ ಗುಣ ಇವು ತೀರ್ಮಾನಿಸುತ್ತವೆ.

ಹಾಲು ತಯಾರಾಗುವ ಜಾಗವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಸ್ತನದೊಳಗಿನ ಸಣ್ಣ ಸಣ್ಣ ಗುಳ್ಳೆಗಳ ಗೋಡೆಯಲ್ಲಿ ಒಂದೇ ಸಾಲಿನಲ್ಲಿ ಹಾಲಿನ ಕೋಶಗಳು. ಹೊರಗಡೆ ರಕ್ತ, ಒಳಗಡೆ ಹಾಲು. ಹೆರಿಗೆಯಾದ ಮೊದಲ ಕೆಲವು ದಿನ ಈ ಕೋಶಗಳ ನಡುವೆ ಸಂದುಗಳಿರುತ್ತವೆ. ಆಗ ದೊಡ್ಡ ಅಣುಗಳೂ ನುಸುಳಬಲ್ಲವು. ರೋಗನಿರೋಧಕ ಪ್ರೋಟೀನುಗಳಿಂದ ತುಂಬಿದ ಮೊದಲ ಹಳದಿ ಹಾಲಿಗೆ ಇದರಿಂದ ಲಾಭವೇ. ಮದ್ದು ಹೆಚ್ಚು ಹೋಗುವುದಿಲ್ಲವೇ ಎಂದರೆ, ಹಾಲಿನ ಪ್ರಮಾಣವೇ ಆಗ ಬಹಳ ಕಡಿಮೆ. ಮೊದಲ ದಿನ ಇಡೀ ದಿನಕ್ಕೆ ಕೆಲವು ಚಮಚ. ಕೆಲವೇ ದಿನಗಳಲ್ಲಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಮದ್ದು ಹಾಲಿಗೆ ಹೋಗಬೇಕೆಂದರೆ ಕೋಶದ ಮೈಯನ್ನೇ ದಾಟಿ ಹೋಗಬೇಕು.

ಹೆಪಾರಿನ್ನಿಗೆ ಇದು ಸಾಧ್ಯವಿಲ್ಲ. ಹಂದಿಯ ಕರುಳಿನಿಂದ ತೆಗೆಯುವ ಈ ಉದ್ದನೆಯ ಸಕ್ಕರೆಸರಪಳಿಯ ಸರಾಸರಿ ಅಣುತೂಕ 12,000ದಿಂದ 15,000 ಡಾಲ್ಟನ್. ಅದನ್ನೇ ಕತ್ತರಿಸಿ ಮಾಡಿದ ಎನಾಕ್ಸಪ್ಯಾರಿನ್ ಕೂಡ ಸರಾಸರಿ 4,500. ಸಾಮಾನ್ಯ ಮಾತ್ರೆಗಳ ಅಣುತೂಕ 300ರಿಂದ 500. ಕತ್ತರಿಸಿದ ಹೆಪಾರಿನ್ ಹಾಲಿನಲ್ಲಿ ಲವಲೇಶ ಕಂಡರೂ ಕೂಸಿನ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ದೊಡ್ಡವರಿಗೇ ಅದನ್ನು ಸೂಜಿಯಲ್ಲಿ ಕೊಡುತ್ತೇವಲ್ಲ, ಅದಕ್ಕೂ ಇದೇ ಕಾರಣ. ಇಲ್ಲಿ ಲೆಕ್ಕವೂ ಬೇಡ, ಅಳತೆಯೂ ಬೇಡ ಎನ್ನುವಷ್ಟು ವಿಷಯ ಸ್ಪಷ್ಟ.

ವಾರ್ಫರಿನ್ನಿನ ಕಥೆ ಹೆಚ್ಚು ರುಚಿಕರ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರ ಫೆಬ್ರವರಿಯಲ್ಲಿ, ಹಿಮಗಾಳಿಯಲ್ಲಿ, ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ರಸಾಯನಶಾಸ್ತ್ರಜ್ಞ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯದ ಬಾಗಿಲಿಗೆ ಬಂದ. ಅಲ್ಲಿಂದ ಡೈಕುಮರಾಲ್ ಹುಟ್ಟಿತು; ಅದರ ತಮ್ಮನಾಗಿ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1950ರ ದಶಕದಲ್ಲಿ ಮನುಷ್ಯರ ಮದ್ದಾಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ 1955ರಲ್ಲಿ ಹೃದಯಾಘಾತವಾದಾಗ ಅದನ್ನೇ ಕೊಟ್ಟರು. ಇಲಿಪಾಷಾಣ ಎಂಬ ಹಳೆಯ ಕಸುಬಿನ ಸುದ್ದಿ ಈಗ ಮೊಬೈಲಿನಲ್ಲಿ ಮನೆಮನೆಗೂ ತಲುಪಿದೆ. ಸೊಸೆ ನುಂಗುವ ಮಾತ್ರೆ ಇಲಿಗೆ ಹಾಕುವಂಥದ್ದು ಎಂದು ತಿಳಿದ ಅತ್ತೆ, ಮೊಮ್ಮಗುವಿಗೆ ಹಾಲು ಕುಡಿಸಬೇಡವೆಂದರೆ ಆಕೆಯನ್ನು ಬೈಯಲಾಗದು.

ಈಗ ಲೆಕ್ಕ ಹಾಕೋಣ. ತಾಯಿಯ ರಕ್ತದ ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ 1,500 ನ್ಯಾನೋಗ್ರಾಂ ವಾರ್ಫರಿನ್ ಇದೆ ಎಂದುಕೊಳ್ಳಿ. ಚಿಕಿತ್ಸೆಯಲ್ಲಿರುವವರಲ್ಲಿ ಇದು ಸಾಮಾನ್ಯ ಮಟ್ಟ. ಇದರಲ್ಲಿ ನೂರಕ್ಕೆ 99 ಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ಗೋಡೆ ದಾಟುವುದಿಲ್ಲ. ಬಿಡಿಯಾಗಿ ಉಳಿದದ್ದು 15 ನ್ಯಾನೋಗ್ರಾಂ. ವಾರ್ಫರಿನ್ ದುರ್ಬಲ ಆಮ್ಲ. ರಕ್ತದ ಪಿಎಚ್ 7.4, ಹಾಲಿನದು ಸುಮಾರು 7.1. ದುರ್ಬಲ ಆಮ್ಲಗಳು ಹೆಚ್ಚು ಕ್ಷಾರೀಯವಾದ ಕಡೆಯಲ್ಲಿ, ಎಂದರೆ ರಕ್ತದಲ್ಲಿ, ನಿಲ್ಲಲು ಬಯಸುತ್ತವೆ. ದುರ್ಬಲ ಪ್ರತ್ಯಾಮ್ಲಗಳು ಹಾಲಿನ ಕಡೆ ಹೋಗುತ್ತವೆ. ಈ ಸಣ್ಣ ವ್ಯತ್ಯಾಸದಿಂದಲೇ 15 ಅರ್ಧಕ್ಕಿಳಿದು ಏಳೆಂಟು ಆಗುತ್ತದೆ. ಮೂರು ಕಿಲೋ ತೂಕದ ಕೂಸು, ಕಿಲೋಗೆ 150 ಮಿಲಿಲೀಟರಿನಂತೆ, ದಿನಕ್ಕೆ 450 ಮಿಲಿಲೀಟರ್ ಹಾಲು ಕುಡಿದರೆ ಅದರ ಹೊಟ್ಟೆಗೆ ಹೋಗುವ ವಾರ್ಫರಿನ್ ಒಂದು ಮಿಲಿಗ್ರಾಂನ ಸಾವಿರದಲ್ಲಿ ಮೂರೋ ನಾಲ್ಕೋ ಪಾಲು. ತಾಯಿ ನುಂಗಿದ್ದು ಐದು ಮಿಲಿಗ್ರಾಂ.

ಲೆಕ್ಕ ಸರಿಯೇ? 1977ರಲ್ಲಿ ಬ್ರಿಟನ್ನಿನ ಆರ್ಮ್, ಡಿ ಸ್ವೀಟ್, ಬ್ರೆಕೆನ್‌ರಿಜ್ ಮೊದಲಾದವರು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ 13 ತಾಯಂದಿರ ಹಾಲನ್ನು ಅಳೆದರು. ಅವರ ಯಂತ್ರ ಹಿಡಿಯಬಲ್ಲ ಕನಿಷ್ಠ ಮಟ್ಟ ಮಿಲಿಲೀಟರಿಗೆ 25 ನ್ಯಾನೋಗ್ರಾಂ. ಯಾರ ಹಾಲಿನಲ್ಲೂ ಅಷ್ಟು ಸಿಗಲಿಲ್ಲ. ಹಾಲು ಕುಡಿಯುತ್ತಿದ್ದ ಏಳು ಕೂಸುಗಳ ರಕ್ತದಲ್ಲೂ ಮದ್ದು ಕಾಣಲಿಲ್ಲ. ನಮ್ಮ ಲೆಕ್ಕದ ಏಳೆಂಟು ಅವರ 25ರ ಕೆಳಗೇ ಬರುತ್ತದೆ. ಅಸೆನೊಕೌಮರಾಲ್ ವಿಷಯದಲ್ಲೂ ಫಲಿತಾಂಶ ಹೀಗೇ. ಇವತ್ತು ವಾರ್ಫರಿನ್ ಮತ್ತು ಹೆಪಾರಿನ್ ಎರಡನ್ನೂ ಹಾಲೂಡಿಸುವ ತಾಯಿಗೆ ಕೊಡಬಹುದೆಂದು ಪ್ರಸೂತಿತಜ್ಞರ ಸಂಘಗಳ ಮಾರ್ಗಸೂಚಿಗಳು ಬಿಡಿಸಿ ಹೇಳುತ್ತವೆ. ಹಾಗಿದ್ದೂ ‘ಬೇಡ’ ಎನ್ನುವ ಹಳೆಯ ಉತ್ತರ ವಾರ್ಡುಗಳಲ್ಲಿ ಇನ್ನೂ ಕಿವಿಗೆ ಬೀಳುತ್ತದೆ.

ಅದಕ್ಕೊಂದು ಕಾರಣ ಗರ್ಭಾವಸ್ಥೆ. ವಾರ್ಫರಿನ್ ಮಾಸುವನ್ನು ಸಲೀಸಾಗಿ ದಾಟುತ್ತದೆ. ಆರರಿಂದ ಹನ್ನೆರಡನೆಯ ವಾರದವರೆಗೆ ಭ್ರೂಣದ ಮೂಗು, ಎಲುಬುಗಳ ಬೆಳವಣಿಗೆಗೆ ಅದು ತೊಂದರೆ ಮಾಡಬಲ್ಲದು. ಬಸುರಿನಲ್ಲಿ ಹೆದರಿಸಿದ ಮದ್ದಿಗೆ ಬಾಣಂತನದಲ್ಲೂ ಹೆದರುವುದು ಮನುಷ್ಯ ಸಹಜ. ಆದರೆ ಮಾಸುವಿನ ಆಚೆ ಇರುವುದು ಇನ್ನೊಂದು ರಕ್ತ. ಅದರಲ್ಲೂ ಆಲ್ಬುಮಿನ್ ಇದೆ, ದಾಟಿ ಬಂದ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಗಲುರಾತ್ರಿ ವಿನಿಮಯ ನಡೆದೇ ಇರುತ್ತದೆ. ಹಾಲಿನಲ್ಲಿ ಆಲ್ಬುಮಿನ್ ಅತ್ಯಲ್ಪ, ಪಿಎಚ್ ಇದಿರಾಗಿದೆ, ಎರಡು ಮೂರು ಗಂಟೆಗೊಮ್ಮೆ ಹಾಲು ಖಾಲಿಯಾಗುತ್ತದೆ. ಬಸುರಿನ ಪಾಠವನ್ನು ಬಾಣಂತನಕ್ಕೆ ತಂದು ಅಂಟಿಸುವಂತಿಲ್ಲ.

ಈ ಬಗೆಯ ಲೆಕ್ಕವನ್ನು ಸೂತ್ರಕ್ಕೆ ಇಳಿಸಿದವರು ಹಲವರು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಬೆಗ್ ಮತ್ತು ಅಟ್ಕಿನ್ಸನ್ 1990ರ ಆಸುಪಾಸಿನಲ್ಲಿ ಮಂಡಿಸಿದ್ದು ಹೆಚ್ಚು ಹೆಸರು ಮಾಡಿತು. ಪ್ರೋಟೀನಿಗೆ ಅಂಟುವ ಪಾಲು, ಆಮ್ಲೀಯತೆ, ಕೊಬ್ಬಿನಲ್ಲಿ ಕರಗುವ ಪ್ರಮಾಣ ಇಷ್ಟು ಕೊಟ್ಟರೆ ಹಾಲಿನಲ್ಲಿರುವ ಮಟ್ಟಕ್ಕೂ ರಕ್ತದಲ್ಲಿರುವ ಮಟ್ಟಕ್ಕೂ ಇರುವ ಅನುಪಾತವನ್ನು ಅದು ಹೇಳುತ್ತದೆ. ಸೂತ್ರ ಸುಂದರವಾಗಿದೆ. ಅದರೊಳಗೆ ಒಂದು ನಂಬಿಕೆ ಅಡಗಿದೆ: ಮದ್ದು ತಾನಾಗಿಯೇ, ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಯಾರ ನೆರವೂ ಇಲ್ಲದೆ ಹರಿಯುತ್ತದೆ ಎಂಬುದು.

ನೀರು ತಾನಾಗಿ ತಗ್ಗಿಗೆ ಹರಿಯುತ್ತದೆ. ಏತ ಹೂಡಿದರೆ ದಿಣ್ಣೆಗೂ ಏರುತ್ತದೆ. ಹಾಲಿನ ಕೋಶಗಳಲ್ಲೂ ಇಂಥ ಏತಗಳಿವೆ. ಅದರ ಸುಳಿವು ಸಿಕ್ಕಿದ್ದು ಸೂತ್ರ ಸೋತ ಜಾಗಗಳಲ್ಲಿ. ಹೊಟ್ಟೆಹುಳಿಗೆ ಕೊಡುತ್ತಿದ್ದ ಸಿಮೆಟಿಡೀನ್ ಹಾಲಿನಲ್ಲಿ ರಕ್ತದಷ್ಟೇ ಇರಬೇಕೆಂದು ಲೆಕ್ಕ ಹೇಳಿತು. 1995ರಲ್ಲಿ ಅಳೆದಾಗ ಐದು ಪಟ್ಟಿಗೂ ಮೀರಿತ್ತು. ಮೂತ್ರದ ಸೋಂಕಿನ ನೈಟ್ರೋಫ್ಯುರಾಂಟೋಯಿನ್ ಇನ್ನೂ ವಿಚಿತ್ರ. ಲೆಕ್ಕದಲ್ಲಿ 0.28, 2001ರ ಅಳತೆಯಲ್ಲಿ 6ಕ್ಕೂ ಹೆಚ್ಚು. ಇಪ್ಪತ್ತು ಪಟ್ಟು ವ್ಯತ್ಯಾಸವನ್ನು ಯಂತ್ರದ ದೋಷವೆಂದು ತಳ್ಳಿಹಾಕಲಾಗದು. 2005ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಇಲಿಗಳ ಅಧ್ಯಯನ ಅಪರಾಧಿಯ ಹೆಸರು ಹೇಳಿತು: ಬಿಸಿಆರ್‌ಪಿ ಎಂಬ ಸಾಗಣೆಯ ಪ್ರೋಟೀನು. ಮೊದಲು ಪತ್ತೆಯಾದದ್ದು ಮದ್ದಿಗೆ ಬಗ್ಗದ ಸ್ತನ ಕ್ಯಾನ್ಸರಿನ ಕೋಶಗಳಲ್ಲಿ. ಬಸಿರು ಬಾಣಂತನಗಳಲ್ಲಿ ಆರೋಗ್ಯವಂತ ಸ್ತನದಲ್ಲೂ ಅದು ಹೆಚ್ಚಾಗುತ್ತದೆ. ತಾಯಿಯ ದೇಹ ಇಂಥದ್ದನ್ನು ಯಾಕೆ ಇಟ್ಟುಕೊಂಡಿತು? ಹಾಲಿಗೆ ರೈಬೋಫ್ಲಾವಿನ್, ಅಂದರೆ ಬಿ2 ಜೀವಸತ್ವ ತುಂಬಲು. ಅದೇ ಜೀನಿನ ಒಂದು ಸಣ್ಣ ಬದಲಾವಣೆ ಹೋಲ್‌ಸ್ಟೀನ್ ಹಸುಗಳ ಹಾಲಿನ ಕೊಬ್ಬು, ಪ್ರೋಟೀನುಗಳನ್ನು ಬದಲಿಸುತ್ತದೆ ಎಂದು ಹೈನುಗಾರಿಕೆಯ ವಿಜ್ಞಾನಿಗಳು ಅದೇ ಹೊತ್ತಿಗೆ ಕಂಡುಕೊಂಡಿದ್ದರು. ಡಾಕ್ಟರುಗಳೂ ಪಶುವೈದ್ಯರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿದರೆ ಒಳ್ಳೆಯದು.

ಈಗ ಹೊಸ ಮಾತ್ರೆಗಳಿಗೆ ಬರುತ್ತೇನೆ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್. ಇವಕ್ಕೆ, ಹೆಪ್ಪುಗಟ್ಟುವ ವೇಗ ನೋಡಲು ವಾರ್ಫರಿನ್ನಿನವರು ಮಾಡಿಸುವ ಐಎನ್‌ಆರ್ ರಕ್ತಪರೀಕ್ಷೆ ಬೇಡ, ಸೊಪ್ಪು ತಿಂದರೆ ಏರುಪೇರಾಗುವುದಿಲ್ಲ. ತಾಲ್ಲೂಕಿನಿಂದ ಐಎನ್‌ಆರ್ ಮಾಡಿಸಲು ಬಸ್ ಹಿಡಿದು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದ, ಕಂಕುಳಲ್ಲಿ ಕೂಸಿರುವ ಹೆಂಗಸಿಗೆ ಇದು ದೊಡ್ಡ ಸೌಕರ್ಯ. ಲೋಹದ ಕವಾಟದವರಿಗೆ ಮಾತ್ರ ಇವು ಸಲ್ಲವು. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗವನ್ನು 2012ರಲ್ಲಿ ಅರ್ಧದಲ್ಲೇ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಹೃದ್ರೋಗದ ಜೊತೆ ಹೃದಯಬಡಿತ ತಪ್ಪಿದವರಲ್ಲೂ ಹಳೆಯ ಮಾತ್ರೆಗಳೇ ರಿವರಾಕ್ಸಬಾನ್‌ಗಿಂತ ಮೇಲು ಎಂದು 2022ರ ಇನ್‌ವಿಕ್ಟಸ್ ಅಧ್ಯಯನ ತೋರಿಸಿತು. ಹಾಗಾಗಿ ನಮ್ಮ ಕವಾಟದ ತಾಯಂದಿರಿಗೆ ವಾರ್ಫರಿನ್ನೇ ಗತಿ, ಹಾಲಿನ ಮಟ್ಟಿಗೆ ಅದು ಒಳ್ಳೆಯ ಸುದ್ದಿಯೂ ಹೌದು. ತೊಡಕಿರುವುದು ಕಾಲಿನ, ಶ್ವಾಸಕೋಶದ, ಮಿದುಳಿನ ಸಿರೆಗಳ ಹೆಪ್ಪಿನವರಿಗೆ. ಅವರಿಗೆ ಹೊಸ ಮಾತ್ರೆ ಬರೆಯುವ ಅಭ್ಯಾಸ ಹೆಚ್ಚುತ್ತಿದೆ. ಹಾಲೂಡಿಸುವವರು ಇವನ್ನು ಬಿಡಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಯಾಕೆ? ಕೂಸುಗಳಿಗೆ ಹಾನಿಯಾದದ್ದು ಕಂಡಿದ್ದಕ್ಕಲ್ಲ, ಅಳತೆ ಬೆರಳೆಣಿಕೆಯಷ್ಟೇ ಇರುವುದಕ್ಕೆ. ಹೊಸ ಮದ್ದುಗಳ ದೊಡ್ಡ ಪ್ರಯೋಗಗಳಿಂದ ಹಾಲೂಡಿಸುವವರನ್ನು ಹೊರಗಿಟ್ಟು, ಆಮೇಲೆ ಅವರ ಬಗ್ಗೆ ಮಾಹಿತಿ ಇಲ್ಲ ಎಂದು ಚೀಟಿಯಲ್ಲಿ ಮುದ್ರಿಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಇರುವ ಅಳತೆಗಳನ್ನು ನೋಡೋಣ. ಅದಕ್ಕೊಂದು ಗಜಕಡ್ಡಿ ಬೇಕು. ಹಾಲು–ರಕ್ತದ ಅನುಪಾತ ಅದಕ್ಕೆ ಸಾಲದು. ರಕ್ತದಲ್ಲೇ ಮದ್ದು ಕಡಿಮೆಯಿದ್ದರೆ ಅನುಪಾತ ಐದಾದರೂ ಕೂಸಿಗೆ ಸಿಗುವುದು ಅತ್ಯಲ್ಪ. ಅದಕ್ಕಾಗಿ ಕೂಸು ದಿನಕ್ಕೆ ಹಾಲಿನಿಂದ ಪಡೆಯುವ ಮದ್ದನ್ನು ಅದರ ತೂಕಕ್ಕೆ ಭಾಗಿಸಿ, ತಾಯಿಯ ತೂಕಕ್ಕೆ ಭಾಗಿಸಿದ ಅವಳ ಡೋಸಿನ ಶೇಕಡಾವಾರು ಎಷ್ಟು ಎಂದು ನೋಡುತ್ತಾರೆ. ಶೇಕಡಾ ಹತ್ತರ ಒಳಗಿದ್ದರೆ ಚಿಂತೆಯಿಲ್ಲ ಎಂಬುದು 1990ರ ದಶಕದಿಂದ ನಡೆದುಬಂದ ವಾಡಿಕೆ.

ಡಾಬಿಗಾಟ್ರಾನನ್ನು, ಹಾಲೂಡಿಸದಿದ್ದ ಇಬ್ಬರು ಬಾಣಂತಿಯರಿಗೆ ಒಂದೇ ಒಂದು ಡೋಸ್ ಕೊಟ್ಟು ಅಳೆದ ವರದಿ 2020ರಲ್ಲಿ ಬಂತು. ಹಾಲಿನಲ್ಲಿ ಸಿಕ್ಕಿದ್ದು ನಗಣ್ಯ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಮದ್ದಿನ ಸಕ್ರಿಯ ರೂಪ ಕರುಳಿನಿಂದ ಒಳಗೆ ಹೋಗಲೊಲ್ಲದು. ಅದಕ್ಕೇ ಅದಕ್ಕೆ ಬೇರೆ ವೇಷ ತೊಡಿಸಿ ಮಾತ್ರೆ ಮಾಡಿದ್ದಾರೆ. ಆ ವೇಷದಲ್ಲೂ ಹೀರಿಕೆಯಾಗುವುದು ನೂರಕ್ಕೆ ಆರೇಳು ಪಾಲು. ಹಾಲಿಗೆ ಹೋಗುವುದು ವೇಷ ಕಳಚಿದ ರೂಪ. ಕೂಸಿನ ಹೊಟ್ಟೆಗೆ ಬಿದ್ದರೂ ರಕ್ತಕ್ಕೆ ಸೇರುವುದು ಕಷ್ಟ.

ರಿವರಾಕ್ಸಬಾನಿನ ಅನುಪಾತ 0.3, 0.4ರ ಹತ್ತಿರ ಬಂದಿದೆ. 2016ರಲ್ಲಿ ಪ್ರಕಟವಾದ ಒಬ್ಬ ತಾಯಿಯ ಅಳತೆಯಲ್ಲಿ ಕೂಸಿನ ಪಾಲು ಶೇಕಡಾ 1.3. ಸ್ವಲ್ಪ ಉದಾರವಾಗಿ ಶೇಕಡಾ 2 ಎಂದೇ ಇಟ್ಟುಕೊಳ್ಳೋಣ. 50 ಕಿಲೋ ತೂಕದ ತಾಯಿ ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಂಡರೆ ಮೂರು ಕಿಲೋ ಕೂಸಿಗೆ ದಿನಕ್ಕೆ 0.024 ಮಿಲಿಗ್ರಾಂ. ಇದು ಹೆಚ್ಚೋ ಕಡಿಮೆಯೋ? ಹತ್ತು ವರ್ಷದ ಹಿಂದೆ ಇದಕ್ಕೆ ಉತ್ತರವಿರಲಿಲ್ಲ. ಈಗ ಹೆಪ್ಪು ಕಟ್ಟಿದ ಶಿಶುಗಳಿಗೇ ಈ ಮದ್ದನ್ನು ಕೊಡಲು ಒಪ್ಪಿಗೆ ಸಿಕ್ಕಿದೆ. ಮೂರು ಕಿಲೋ ಶಿಶುವಿಗೆ 0.9 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, ಒಟ್ಟು 2.7. ಹಾಲಿನಲ್ಲಿ ಹೋಗುವುದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ತಾಯಿಯ ಡೋಸಿಗೆ ಹೋಲಿಸುವ ಬದಲು ಶಿಶುವಿನದೇ ಡೋಸಿಗೆ ಹೋಲಿಸುವ ಈ ಅಳತೆಗೋಲು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಎಲ್ಲಿ ಲಭ್ಯವಿದೆಯೋ ಅಲ್ಲೆಲ್ಲ ಇದನ್ನೇ ಬಳಸಬೇಕು.

ಅಪಿಕ್ಸಬಾನ್ ಬೇರೆಯೇ ದಾರಿ ಹಿಡಿಯಿತು. ಕಾಗದದ ಮೇಲೆ ಅದು ರಿವರಾಕ್ಸಬಾನಿನ ಒಡಹುಟ್ಟಿನಂತಿದೆ. ಅಣುತೂಕ 459, ಇನ್ನೊಂದರದು 436. ಎರಡೂ ಆಮ್ಲವಲ್ಲ, ಪ್ರತ್ಯಾಮ್ಲವೂ ಅಲ್ಲ. ಪ್ರೋಟೀನಿಗೆ ಅಂಟುವುದು ಒಂದು ಶೇಕಡಾ 87, ಇನ್ನೊಂದು ಶೇಕಡಾ 92ರಿಂದ 95. ಸೂತ್ರಕ್ಕೆ ಹಾಕಿದರೆ ಅಪಿಕ್ಸಬಾನಿಗೂ ಒಂದಕ್ಕಿಂತ ಕಡಿಮೆ ಅನುಪಾತವೇ ಬರಬೇಕು. ಲಂಡನ್ನಿನ ತಂಡವೊಂದು 2020ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಳತೆಯಲ್ಲಿ ಬಂದದ್ದು 2.6. ಕೂಸಿನ ಪಾಲು ಶೇಕಡಾ 12.8, ಹತ್ತರ ಗೆರೆಯ ಆಚೆ. ಇಲಿಗಳಲ್ಲಿ ತಾಯಿಯ ಡೋಸಿನ ಶೇಕಡಾ 12 ಹಾಲಿಗೆ ಹೋಗುತ್ತದೆ ಎಂದು ಅಮೆರಿಕದ ಔಷಧ ಚೀಟಿಯಲ್ಲಿ ಮೊದಲೇ ಬರೆದಿತ್ತು. ಇಲಿಯ ಮಾತನ್ನು ಮನುಷ್ಯರಿಗೆ ಅನ್ವಯಿಸಬಾರದೆಂದು ನಾವು ಪಾಠ ಮಾಡುತ್ತೇವೆ. ಈ ಬಾರಿ ಸೂತ್ರಕ್ಕಿಂತ ಇಲಿಯೇ ಸರಿಯಾಗಿ ಹೇಳಿತ್ತು.

ಬಿಸಿಆರ್‌ಪಿಯ ಕೈವಾಡವೇ ಇದು? ಇರಬಹುದು, ಅಪಿಕ್ಸಬಾನನ್ನು ಅದು ಸಾಗಿಸುತ್ತದೆ. ಆದರೆ ರಿವರಾಕ್ಸಬಾನನ್ನೂ ಅದು ಸಾಗಿಸುತ್ತದೆ. ಪ್ರಯೋಗಾಲಯದ ಬಟ್ಟಲಿನಲ್ಲಿ ಎರಡಕ್ಕೂ ಒಂದೇ ಸಾಗಣೆದಾರ, ತಾಯಿಯ ಹಾಲಿನಲ್ಲಿ ಎರಡಕ್ಕೂ ಬೇರೆ ಬೇರೆ ಅಂಕಿ. ಸಾಗಣೆದಾರನ ಹೆಸರು ತಿಳಿದರೆ ಸಾಲದು, ಅವನು ಎಷ್ಟು ಜೋರಾಗಿ ಎತ್ತುತ್ತಾನೆ, ಹಾಲಿನಿಂದ ಹಿಂದಕ್ಕೆ ಎಷ್ಟು ಸೋರುತ್ತದೆ ಎಂಬುದೂ ತಿಳಿಯಬೇಕು. ಇದನ್ನೆಲ್ಲ ಕಂಪ್ಯೂಟರಿಗೆ ತುಂಬಿ ತಾಯಿಯ ಹೊಟ್ಟೆ, ಯಕೃತ್ತು, ಸ್ತನ, ಕೂಸಿನ ಕರುಳು, ಕೂಸಿನ ಯಕೃತ್ತು ಎಲ್ಲವನ್ನೂ ಸಮೀಕರಣಗಳಲ್ಲಿ ಕಟ್ಟುವ ಮಾದರಿಗಳು ಈಗ ಬಂದಿವೆ. ಯುರೋಪಿನಲ್ಲಿ 2019ರಲ್ಲಿ ಶುರುವಾದ ‘ಕನ್ಸೆಪ್ಷನ್’ ಯೋಜನೆಯಲ್ಲಿ ಮನುಷ್ಯರ ಸ್ತನಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸಿ, ಪುಟ್ಟ ತಳಿಯ ಹಂದಿಗಳ ಹಾಲು ಅಳೆದು, ಅದರ ಮೇಲೆ ಇಂಥ ಮಾದರಿಗಳನ್ನು ಕಟ್ಟಿದರು. ಒಳ್ಳೆಯ ಕೆಲಸ. ಆದರೆ ಮಾದರಿ ಸರಿಯೋ ತಪ್ಪೋ ಎಂದು ನೋಡಲು ಕೊನೆಗೂ ಬೇಕಾದದ್ದು ನಿಜವಾದ ತಾಯಿಯ ನಿಜವಾದ ಹಾಲು.

ಹತ್ತರ ಗೆರೆಯ ಬಗ್ಗೆ ಒಂದು ತಕರಾರು ಹೇಳಿ ಮುಂದೆ ಹೋಗುತ್ತೇನೆ. ಆ ಗೆರೆ ಕೂಸಿನ ವಯಸ್ಸನ್ನು ಕೇಳುವುದಿಲ್ಲ. ವಾರದ ಕೂಸಿನ ಯಕೃತ್ತು, ಮೂತ್ರಪಿಂಡಗಳು ಮದ್ದನ್ನು ಹೊರಹಾಕುವುದರಲ್ಲಿ ಇನ್ನೂ ಎಳೆಯವು. ದೊಡ್ಡವರ ಮೂರರಲ್ಲಿ ಒಂದರಷ್ಟು ವೇಗದಲ್ಲಿ ಹೊರಹಾಕುವ ಕೂಸಿಗೆ ಶೇಕಡಾ ಹತ್ತು ಎಂದರೆ ರಕ್ತದಲ್ಲಿ ಮೂವತ್ತರಂತೆ ನಿಲ್ಲುತ್ತದೆ. ಎದೆಹಾಲಿನ ಮೂಲಕ ಮದ್ದಿನ ತೊಂದರೆಯಾದ ಶಿಶುಗಳ ವರದಿಗಳನ್ನು 2003ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಎರಡು ತಿಂಗಳೊಳಗಿನ ಕೂಸುಗಳದ್ದು. ಆರು ತಿಂಗಳು ದಾಟಿದವುಗಳದ್ದು ತೀರಾ ವಿರಳ. ದಿನ ತುಂಬದೆ ಹುಟ್ಟಿದ ಕೂಸಿಗೂ ಎಂಟು ತಿಂಗಳ ಅಂಬೆಗಾಲಿನ ಕೂಸಿಗೂ ಒಂದೇ ಗೆರೆ ಎಳೆಯುವುದರಲ್ಲಿ ಅರ್ಥವಿಲ್ಲ.

ವಾರ್ಫರಿನ್ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಎದೆಹಾಲಿನಲ್ಲಿ ವಿಟಮಿನ್ ಕೆ ಬಹಳ ಕಡಿಮೆ, ಲೀಟರಿಗೆ ಒಂದರಿಂದ ನಾಲ್ಕು ಮೈಕ್ರೋಗ್ರಾಂ. ತಾಯಿ ಯಾವ ಮಾತ್ರೆ ನುಂಗದಿದ್ದರೂ ಎಳೆಗೂಸಿಗೆ ರಕ್ತ ಸೋರುವ ಅಪಾಯ ಇದ್ದೇ ಇದೆ. ಹುಟ್ಟಿದ ಕೂಡಲೇ ತೊಡೆಗೆ ಹಾಕುವ ವಿಟಮಿನ್ ಕೆ ಚುಚ್ಚುಮದ್ದು ಅದಕ್ಕಾಗಿಯೇ. ವಾರ್ಫರಿನ್ ಅಥವಾ ಅಸಿಟ್ರಾಂ ನುಂಗುವ ತಾಯಿಯ ಕೂಸಿಗೆ ಆ ಚುಚ್ಚುಮದ್ದು ತಪ್ಪಿಲ್ಲ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳುವುದು, ಹಾಲು ಬಿಡಿಸುವುದಕ್ಕಿಂತ ಎಷ್ಟೋ ಉಪಯೋಗದ ಕೆಲಸ. ಹಾಲು ಬಿಡಿಸಿ ಬಾಟಲಿಗೆ ಬಿದ್ದ ಕೂಸಿಗೆ ಭೇದಿ, ಕಫ ಬರುವುದು ಖಂಡಿತವಾಗಿ ತಿಳಿದ ಅಪಾಯ. ವಾರ್ಫರಿನ್ನಿನ ಏಳೆಂಟು ನ್ಯಾನೋಗ್ರಾಂ ಹಾಗಲ್ಲ.

ಇಲ್ಲಿ ಕೂತಿರುವವರಲ್ಲಿ ಯಾರಾದರೂ ನನ್ನ ಅಂಕಿಗಳನ್ನು ಕೇಳಿ ಮನೆಗೆ ಹೋಗಿ ಮಾತ್ರೆ ಬದಲಿಸಬೇಡಿ. ಹೊಸ ಮಾತ್ರೆ ನುಂಗುತ್ತಿರುವ ಬಾಣಂತಿ ಮಾಡಬೇಕಾದದ್ದು, ತಾನು ಹಾಲು ಕುಡಿಸುತ್ತಿದ್ದೇನೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳುವುದು. ಹೃದ್ರೋಗದವರೋ ನರರೋಗದವರೋ ಅದನ್ನು ಕೇಳಲು ಮರೆಯುತ್ತಾರೆ. ಹೇಳಿದರೆ ಕೆಲವು ತಿಂಗಳು ಎನಾಕ್ಸಪ್ಯಾರಿನ್ ಸೂಜಿಯಲ್ಲೋ ವಾರ್ಫರಿನ್ನಿನಲ್ಲೋ ಕಳೆಯಲು ಸಾಮಾನ್ಯವಾಗಿ ದಾರಿ ಇದ್ದೇ ಇರುತ್ತದೆ.

ಇನ್ನು ಅಳತೆ. ಹಾಲು ವೈದ್ಯಶಾಸ್ತ್ರದಲ್ಲೇ ತೀರಾ ಸುಲಭವಾಗಿ ಸಿಗುವ ಮಾದರಿಗಳಲ್ಲೊಂದು. ಸೂಜಿ ಬೇಡ, ನೋವಿಲ್ಲ. ತಾಯಿ ಮಾತ್ರೆಯನ್ನು ತನ್ನ ಕಾಯಿಲೆಗಾಗಿ ಹೇಗೂ ನುಂಗುತ್ತಿದ್ದಾಳೆ. ಹಾಲೂಡಿಸದಿರಲು ನಿರ್ಧರಿಸಿದವಳೂ ಹಿಂಡಿ ಚೆಲ್ಲುವ ಹಾಲನ್ನು ಕೊಡಬಹುದು. ಮಾಡಬೇಕಾದ ಕ್ರಮ ಗೊತ್ತಿದೆ. ಒಂದು ಡೋಸಿನಿಂದ ಮುಂದಿನ ಡೋಸಿನವರೆಗೆ ಪ್ರತಿ ಸಲವೂ ಪೂರ್ತಿ ಹಾಲು ಹಿಂಡಿ, ಒಟ್ಟು ಪ್ರಮಾಣ ಬರೆದುಕೊಂಡು, ಚೆನ್ನಾಗಿ ಬೆರೆಸಿ ಒಂದೆರಡು ಮಿಲಿಲೀಟರ್ ಶೀಶೆಗೆ ತೆಗೆದಿಡಬೇಕು. ಮೊದಲು ಬರುವ ನೀರುಹಾಲಿಗೂ ಕೊನೆಯಲ್ಲಿ ಬರುವ ಗಟ್ಟಿಹಾಲಿಗೂ ಕೊಬ್ಬಿನಲ್ಲಿ ವ್ಯತ್ಯಾಸವಿರುವುದರಿಂದ ಒಂದೆರಡು ಹನಿ ಹಾಲು ಸಾಲದು. ಉಳಿದದ್ದನ್ನು ಹಾಲೂಡಿಸುತ್ತಿದ್ದರೆ ಕೂಸಿಗೇ ಕುಡಿಸಬಹುದು. ತಾಯಿಯ ರಕ್ತ ಎರಡು ಮೂರು ಸಲ. ಕೂಸಿಗೆ ಬೇರೆ ಕಾರಣಕ್ಕೆ ಹಿಮ್ಮಡಿ ಚುಚ್ಚುವ ದಿನ ಸಿಕ್ಕ ಒಂದು ಹನಿಯನ್ನು ಕಾಗದದ ಮೇಲೆ ಒಣಗಿಸಿದರೂ ಸಾಕು. ಇದನ್ನೆಲ್ಲ ಅಳೆಯುವ ದ್ರವವರ್ಣಲೇಖ–ದ್ರವ್ಯರಾಶಿ ಯಂತ್ರಗಳು ಬೆಂಗಳೂರಿನ ಔಷಧ ಕಂಪನಿಗಳಲ್ಲಿ, ಸಂಶೋಧನಾ ಸಂಸ್ಥೆಗಳಲ್ಲಿ ಸಾಲಾಗಿ ನಿಂತಿವೆ. ನಾನು ಈ ಕೆಲಸ ಶುರುಮಾಡುವ ವಯಸ್ಸಿನಲ್ಲಿದ್ದರೆ ವಾರ್ಫರಿನ್ನಿನ ಮೇಲೆ ಒಂದು ಶೀಶೆಯನ್ನೂ ಖರ್ಚು ಮಾಡುತ್ತಿರಲಿಲ್ಲ. ಅಲ್ಲಿ ಲೆಕ್ಕವೂ ಅಳತೆಯೂ ಕೂಡಿಬಂದಿವೆ. ಮೊದಲ ಶೀಶೆಗಳನ್ನು ಅಪಿಕ್ಸಬಾನ್ ನುಂಗುವ ತಾಯಂದಿರ ಹತ್ತಿರ ಒಯ್ಯುತ್ತಿದ್ದೆ, ಅದರಲ್ಲೂ ಎರಡು ತಿಂಗಳೊಳಗಿನ ಕೂಸು ಇರುವವರ ಹತ್ತಿರ. ಆಮೇಲೆ ರಿವರಾಕ್ಸಬಾನ್.

ಸಮಯ ಮೀರಿದೆ ಎಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ, ತಾಯಂದಿರು ಮೊದಲು.